ಓಕಾಬೆ ರಿಂತಾರೊ: ಪಶ್ಚಾತ್ತಾಪ ಪಡುವ ವಿಜ್ಞಾನಿಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಜಪಾನಿನ ಅನಿಮೆ ಸರಣಿ 'ಸ್ಟೈನ್ಸ್ ಗೇಟ್' ನೋಡಿದವರು, ಅರ್ಧಕ್ಕೆ ಬಿಟ್ಟವರು, ನೋಡಲೋ ಬೇಡವೋ ಅಂತ ಯೋಚಿಸುತ್ತಿರುವವರು ಎಲ್ಲರೂ ಮಾತಿಗೆ ಸಿಕ್ಕಾಗ ಕೇಳುವ ಪ್ರಶ್ನೆಗಳು ಸುಮಾರು ಒಂದೇ. ಅವನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಮೊದಲ ಭಾಗದಲ್ಲಿ ಕಥೆಯ ಗುಟ್ಟು ಒಡೆದಿಲ್ಲ. ಎರಡನೇ ಭಾಗದಿಂದ ಎಲ್ಲವನ್ನೂ ಬಿಚ್ಚಿ ಮಾತಾಡಿದ್ದೇನೆ. ಇನ್ನೂ ನೋಡಿಲ್ಲದಿದ್ದರೆ ದಯವಿಟ್ಟು ಮೊದಲ ಭಾಗ ಮುಗಿದ ಕೂಡಲೇ ನಿಲ್ಲಿಸಿ, ನೋಡಿಕೊಂಡು ಬನ್ನಿ.

## ಹೊಸದಾಗಿ ಬಂದವರಿಗೆ

ಈ ಓಕಾಬೆ ಯಾರು? ಎರಡು ಮಾತಲ್ಲಿ ಕಥೆ ಹೇಳ್ತೀರಾ?

2010ರ ಬೇಸಿಗೆ. ಟೋಕಿಯೊದ ಅಕಿಹಾಬಾರಾ. ಹಳೇ ಟೀವಿ ರಿಪೇರಿ ಅಂಗಡಿಯ ಮೇಲೆ ಒಂದು ಬಾಡಿಗೆ ಕೋಣೆ. ಓಕಾಬೆ ರಿಂತಾರೊ ಎಂಬ ಕಾಲೇಜು ಹುಡುಗ ಅದಕ್ಕೆ 'ಭವಿಷ್ಯದ ಉಪಕರಣಗಳ ಪ್ರಯೋಗಾಲಯ' ಅಂತ ಹೆಸರಿಟ್ಟಿದ್ದಾನೆ. ಜೊತೆಗೆ ಬಾಲ್ಯದ ಗೆಳತಿ ಮಯೂರಿ, ಕಂಪ್ಯೂಟರ್ ಪಂಟರ್ ಡಾರು ಇದ್ದಾರೆ. ಅವರು ಮೈಕ್ರೋವೇವ್ ಒಲೆಗೆ ಮೊಬೈಲ್ ಫೋನ್ ಜೋಡಿಸಿ ಏನೋ ಮಾಡಲು ಹೋಗುತ್ತಾರೆ. ಅದು ಹಿಂದಿನ ದಿನಗಳಿಗೆ ಮೆಸೇಜ್ ಕಳಿಸುವ ಯಂತ್ರವಾಗಿಬಿಡುತ್ತದೆ. ಮಾಕಿಸೆ ಕುರಿಸು ಎಂಬ ಹದಿನೆಂಟರ ಹುಡುಗಿ ಬಂದು ಸೇರುತ್ತಾಳೆ. ಅವಳು ಅಮೆರಿಕದಲ್ಲಿ ಮಿದುಳಿನ ಮೇಲೆ ಸಂಶೋಧನೆ ಮಾಡುತ್ತಿರುವವಳು. ಅಲ್ಲಿಂದ ಮುಂದೆ ಆಟ ಆಟವಾಗಿ ಉಳಿಯುವುದಿಲ್ಲ.

ಕಾಲೇಜು ಹುಡುಗ ತಾನೇ? ವಿಜ್ಞಾನಿ ಅಂತ ಯಾಕೆ ಕರೀತೀರಿ?

ಪದವಿ ನೋಡಿದರೆ ಕುರಿಸು ಮಾತ್ರ ನಿಜವಾದ ವಿಜ್ಞಾನಿ. ಓಕಾಬೆ ಬಿಳಿ ಕೋಟು ಹಾಕಿಕೊಂಡು, ತನ್ನನ್ನು ತಾನು 'ಹುಚ್ಚು ವಿಜ್ಞಾನಿ ಹೋಓಯಿನ್ ಕ್ಯೋಮಾ' ಅಂತ ಕರೆದುಕೊಂಡು, ಯಾರೋ ರಹಸ್ಯ ಸಂಸ್ಥೆಯವರು ತನ್ನ ಬೆನ್ನು ಹತ್ತಿದ್ದಾರೆ ಅಂತ ಖಾಲಿ ಫೋನಿನಲ್ಲಿ ಮಾತಾಡುವವನು.

ಆದರೆ ಅವನು ಮಾಡುವುದು ವಿಜ್ಞಾನಿಯ ಕೆಲಸವೇ. ಏನು ಪ್ರಯೋಗ ಮಾಡಬೇಕು ಅಂತ ಅವನೇ ತೀರ್ಮಾನಿಸುತ್ತಾನೆ. ಜನರನ್ನು ಅವನೇ ಸೇರಿಸುತ್ತಾನೆ. ಫಲಿತಾಂಶವನ್ನು ನೋಡಿ ನೆನಪಿಟ್ಟುಕೊಳ್ಳಬಲ್ಲವನೂ ಅವನೊಬ್ಬನೇ. ಪ್ರಯೋಗ ಕೈಮೀರಿದಾಗ ಲೆಕ್ಕ ಕೊಡಬೇಕಾದವನೂ ಅವನೇ ಆಗುತ್ತಾನೆ. ನನಗೆ ಅವನನ್ನು ವಿಜ್ಞಾನಿ ಅನ್ನಲು ಇಷ್ಟು ಸಾಕು.

ಮೊದಲ ಐದಾರು ಎಪಿಸೋಡ್ ಬೋರ್ ಹೊಡೀತಿದೆ. ಬಿಟ್ಟುಬಿಡಲಾ?

ಬಿಡಬೇಡಿ. 24 ಎಪಿಸೋಡುಗಳಲ್ಲಿ ಮೊದಲ ಅರ್ಧ ನಿಧಾನ, ನಿಜ. ಬಾಳೆಹಣ್ಣು ಹಸಿರು ಅಂಟಿನಂತಾಗುವುದು, ಕೆಫೆಯಲ್ಲಿ ಹರಟೆ, ಡಾಕ್ಟರ್ ಪೆಪ್ಪರ್ ಕುಡಿಯುವುದು, ಸುಮ್ನೆ ಕಾಲ ಕಳೆಯುವುದು. ಆ ಹರಟೆಯಲ್ಲೇ ನಿಮಗೆ ಈ ಜನರೆಲ್ಲ ಹತ್ತಿರದವರಾಗುತ್ತಾರೆ. ಒಬ್ಬೊಬ್ಬರ ಆಸೆ ಏನು ಅಂತ ತಿಳಿಯುತ್ತದೆ. 12ನೇ ಎಪಿಸೋಡಿನ ಕೊನೆಯ ನಿಮಿಷಗಳ ನಂತರ ಆ ಒಂದೊಂದು ಆಸೆಯೂ ಮತ್ತೆ ಎದುರಿಗೆ ಬಂದು ನಿಲ್ಲುತ್ತದೆ. ಮೊದಲರ್ಧ ಹಾರಿಸಿ ನೋಡಿದವರಿಗೆ ಎರಡನೇ ಅರ್ಧದ ಅಳು ಅರ್ಥವೇ ಆಗುವುದಿಲ್ಲ.

ಯಾವುದನ್ನು ಮೊದಲು ನೋಡಬೇಕು, ಯಾವುದನ್ನು ಆಮೇಲೆ?

ಬಂದ ಕ್ರಮದಲ್ಲೇ ನೋಡಿ. 2011ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಪ್ರಸಾರವಾದ 24 ಎಪಿಸೋಡ್ ಮೊದಲು. ಆಮೇಲೆ 2013ರ ಸಿನಿಮಾ. ಆಮೇಲೆ 2018ರ 'ಸ್ಟೈನ್ಸ್ ಗೇಟ್ 0', ಅದು 23 ಎಪಿಸೋಡ್. 2015ರ ಡಿಸೆಂಬರ್‌ನಲ್ಲಿ ಮರುಪ್ರಸಾರದ ಹೊತ್ತಿಗೆ 23ನೇ ಎಪಿಸೋಡಿನ ಇನ್ನೊಂದು ರೂಪ ಬಂತು. ಅದನ್ನು '0' ಶುರು ಮಾಡುವ ಮುಂಚೆ ನೋಡಿದರೆ ಕೊಂಡಿ ಸರಿಯಾಗಿ ಸಿಗುತ್ತದೆ.

ಮೂಲ ಇವ್ಯಾವುದೂ ಅಲ್ಲ. 2009ರ ಅಕ್ಟೋಬರ್‌ನಲ್ಲಿ ಬಂದ, ಓದಿಕೊಂಡು ಆಡುವ ವಿಡಿಯೊ ಗೇಮ್ ಅದು. ಓದುವ ತಾಳ್ಮೆ ಇದ್ದರೆ ಅದನ್ನೂ ಹುಡುಕಿ. ಓಕಾಬೆಯ ಮನಸ್ಸಿನೊಳಗಿನ ಮಾತು ಅಲ್ಲಿ ಜಾಸ್ತಿ ಸಿಗುತ್ತದೆ.

ಜಪಾನಿ ಧ್ವನಿಯಲ್ಲಿ ನೋಡಲಾ, ಇಂಗ್ಲಿಷಿನಲ್ಲಾ?

ಇಂಗ್ಲಿಷ್ ಡಬ್ಬಿಂಗ್ ಚೆನ್ನಾಗಿಯೇ ಇದೆ. ಆದರೂ ಒಮ್ಮೆ ಜಪಾನಿಯಲ್ಲೇ ನೋಡಿ ಅನ್ನುತ್ತೇನೆ. ಓಕಾಬೆಗೆ ಧ್ವನಿ ಕೊಟ್ಟ ಮಿಯಾನೊ ಮಾಮೋರು ಎರಡು ಕಂಠ ಇಟ್ಟುಕೊಂಡಿದ್ದಾರೆ. ಒಂದು ಹುಚ್ಚು ವಿಜ್ಞಾನಿಯ ಅಬ್ಬರದ ಕಂಠ, ಇನ್ನೊಂದು ಒಳಗಿನ ಹುಡುಗನ ಮೆತ್ತನೆಯ ಕಂಠ. ಮೊದಲು ಎರಡನೆಯದು ಅಪರೂಪಕ್ಕೆ ಕೇಳಿಸುತ್ತದೆ. ಬರಬರುತ್ತಾ ಮೊದಲನೆಯದು ಅಪರೂಪವಾಗುತ್ತದೆ. ಭಾಷೆ ಬಾರದಿದ್ದರೂ ಈ ವ್ಯತ್ಯಾಸ ಕಿವಿಗೆ ಗೊತ್ತಾಗುತ್ತದೆ.

ಮನೇಲಿ ಮಕ್ಕಳ ಜೊತೆ ಕೂತು ನೋಡಬಹುದಾ?

ಚಿಕ್ಕ ಮಕ್ಕಳ ಜೊತೆ ಬೇಡ. ಗುಂಡೇಟು, ರಕ್ತ, ಆತ್ಮಹತ್ಯೆಯ ಪ್ರಸಂಗ ಇವೆ. ಡಾರುವಿನ ಪೋಲಿ ಮಾತುಗಳೂ ಇವೆ. ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ಜೊತೆಗೇ ನೋಡಿ, ಆಮೇಲೆ ಮಾತಾಡಲು ಬೇಕಾದಷ್ಟಿದೆ.

## ಒಮ್ಮೆ ನೋಡಿ ಮುಗಿಸಿದವರಿಗೆ

ಡಿ-ಮೇಲ್, ಟೈಮ್ ಲೀಪ್, ವರ್ಲ್ಡ್ ಲೈನ್... ತಲೆ ಕೆಟ್ಟುಹೋಯ್ತು. ಸರಳವಾಗಿ ಹೇಳಿ.

ಡಿ-ಮೇಲ್ ಅಂದರೆ ಹಿಂದಿನ ಕಾಲಕ್ಕೆ ಕಳಿಸುವ ಮೆಸೇಜ್. ಒಟ್ಟು 36 ಬೈಟ್ ಮಾತ್ರ ಹೋಗುತ್ತದೆ. ಅಂದರೆ ಜಪಾನಿ ಲಿಪಿಯಲ್ಲಿ 18 ಅಕ್ಷರ. ಅದೂ ಮೂರು ತುಂಡಾಗಿ ತಲುಪುತ್ತದೆ. ಮೆಸೇಜ್ ಓದಿದವರು ಹಿಂದೆ ಬೇರೆ ರೀತಿ ನಡೆದುಕೊಂಡರೆ ಇಂದಿನ ಜಗತ್ತೇ ಬದಲಾಗುತ್ತದೆ. ಆ ಬದಲಾದ ಜಗತ್ತೇ ಬೇರೊಂದು ವರ್ಲ್ಡ್ ಲೈನ್.

ಟೈಮ್ ಲೀಪ್‌ನಲ್ಲಿ ಮೆಸೇಜ್ ಬದಲು ಮನುಷ್ಯನ ನೆನಪು ಹಿಂದಕ್ಕೆ ಹೋಗಿ ಅವನದೇ ತಲೆಯೊಳಗೆ ಸೇರುತ್ತದೆ. ಒಂದು ಸಲಕ್ಕೆ 48 ಗಂಟೆ ಹಿಂದಕ್ಕೆ ಮಾತ್ರ. ಈ ಯಂತ್ರ ಕುರಿಸುವಿನ ಕೈಕೆಲಸ.

ಕಥೆಗೆ ಮುಖ್ಯವಾದ ಇನ್ನೊಂದು ಮಾತಿದೆ. ವರ್ಲ್ಡ್ ಲೈನ್ ಬದಲಾದಾಗ ಎಲ್ಲರ ನೆನಪೂ ಹೊಸ ಜಗತ್ತಿಗೆ ತಕ್ಕಂತೆ ಬದಲಾಗುತ್ತದೆ. ಓಕಾಬೆಯದು ಮಾತ್ರ ಹಾಗೇ ಉಳಿಯುತ್ತದೆ. ಈ ಶಕ್ತಿಗೆ ಅವನು ರೀಡಿಂಗ್ ಸ್ಟೈನರ್ ಅಂತ ಹೆಸರಿಟ್ಟಿದ್ದಾನೆ.

ಅಸಲಿಗೆ ಅವನು ಮಾಡಿದ ತಪ್ಪಾದರೂ ಏನು? ಗೊತ್ತಿಲ್ಲದೆ ಆಗಿದ್ದಲ್ವಾ?

ಮೊದಲ ಡಿ-ಮೇಲ್ ಮಟ್ಟಿಗೆ ಹೌದು. 2010ರ ಜುಲೈ 28ರಂದು ರೇಡಿಯೊ ಕೈಕಾನ್ ಕಟ್ಟಡದಲ್ಲಿ ಕುರಿಸು ರಕ್ತದ ಮಡುವಿನಲ್ಲಿ ಬಿದ್ದಿರುವುದನ್ನು ಓಕಾಬೆ ನೋಡುತ್ತಾನೆ. ಗಾಬರಿಯಲ್ಲಿ ಡಾರುವಿಗೆ ಮೆಸೇಜ್ ಮಾಡುತ್ತಾನೆ. ಅದು ಕೆಲವು ದಿನ ಹಿಂದಕ್ಕೆ ಹೋಗಿ ತಲುಪುತ್ತದೆ. ಜಗತ್ತು ಬದಲಾಗಿ ಕುರಿಸು ಬದುಕುತ್ತಾಳೆ. ಇದರಲ್ಲಿ ಅವನ ತಪ್ಪು ಹುಡುಕುವುದು ಕಷ್ಟ.

ಆದರೆ ಆಮೇಲಿನವು ಹಾಗಲ್ಲ. ಯಂತ್ರ ಏನು ಮಾಡುತ್ತದೆ ಅಂತ ಗೊತ್ತಾದ ಮೇಲೂ ಅವನು ಗೆಳೆಯರನ್ನು ಕರೆದು, ನಿಮಗೆ ಹಿಂದಿನದು ಏನಾದರೂ ಬದಲಾಗಬೇಕಾ ಅಂತ ಕೇಳುತ್ತಾನೆ. ಒಬ್ಬರ ಬದುಕು ಬದಲಾದರೆ ಸುತ್ತಲಿನ ಎಷ್ಟು ಜನರ ಬದುಕು ಬದಲಾಗುತ್ತದೆ ಅಂತ ಯೋಚಿಸುವುದಿಲ್ಲ. ಯಾರನ್ನೂ ಒಪ್ಪಿಗೆ ಕೇಳುವುದಿಲ್ಲ. ಕೆಫೆಯಲ್ಲಿ ಕೆಲಸ ಮಾಡುವ ಗೆಳತಿ ಫೇರಿಸ್‌ಳ ಡಿ-ಮೇಲ್ ಹೋದ ಮೇಲೆ ಅಕಿಹಾಬಾರಾದ ಅನಿಮೆ ಅಂಗಡಿಗಳೇ ಮಾಯ. ಒಂದು ಇಡೀ ಊರಿನ ಚಹರೆ ಬದಲಾದಾಗಲೂ ಅವನು ನಿಲ್ಲಿಸುವುದಿಲ್ಲ. ನನ್ನ ಪ್ರಕಾರ ತಪ್ಪು ಇರುವುದು ಇಲ್ಲಿ. ಕುತೂಹಲ ತಪ್ಪಲ್ಲ. ಎಚ್ಚರಿಕೆ ಕಣ್ಣೆದುರೇ ಇದ್ದಾಗಲೂ ಮುಂದಿನ ಪ್ರಯೋಗಕ್ಕೆ ಕೈಹಾಕಿದ್ದು ತಪ್ಪು.

ಇದರಲ್ಲಿ ಇನ್ನೊಂದು ನೋವಿದೆ. ಟೈಮ್ ಲೀಪ್ ಯಂತ್ರ ಮುಗಿದಾಗ ಓಕಾಬೆ ಅದನ್ನು ಬಳಸುವುದು ಬೇಡ ಅನ್ನುತ್ತಾನೆ. ಅವನು ಮೊದಲ ಸಲ ಸರಿಯಾದ ತೀರ್ಮಾನ ತೆಗೆದುಕೊಂಡ ದಿನ ಅದು. ಅದೇ ಸಂಜೆ, ಗುಟ್ಟಾಗಿ ಟೈಮ್ ಮಷೀನ್ ಮಾಡುತ್ತಿರುವ ಸಂಶೋಧನಾ ಸಂಸ್ಥೆ ಸರ್ನ್‌ನ ಬಂದೂಕುಧಾರಿಗಳು ಬಾಗಿಲು ಒಡೆದು ಬರುತ್ತಾರೆ. ಮಯೂರಿ ಗುಂಡೇಟಿಗೆ ಸಾಯುತ್ತಾಳೆ.

ಸುಝುಹಾಳ ಪತ್ರ ಯಾಕೆ ಅಷ್ಟು ಕಾಡುತ್ತದೆ?

ಅವಳು ಭವಿಷ್ಯದಿಂದ ಬಂದವಳು. 1975ಕ್ಕೆ ಹೋಗಿ ಐಬಿಎನ್ 5100 ಕಂಪ್ಯೂಟರ್ ಪಡೆದು ಇವರಿಗೆ ತಲುಪಿಸಬೇಕು. ಅದಕ್ಕೂ ಮುಂಚೆ ಒಂದು ಸಂಜೆ ಅವಳು ಹೊರಟಾಗ ಓಕಾಬೆ ಡಿ-ಮೇಲ್ ಕಳಿಸಿ ಅವಳನ್ನು ತಡೆದಿದ್ದ. ಅವಳು ಬೇಜಾರಿನಲ್ಲಿ ಹೋಗಬಾರದು, ಅಪ್ಪನನ್ನು ಹುಡುಕಿಕೊಡೋಣ ಅನ್ನುವ ಒಳ್ಳೆಯ ಮನಸ್ಸಿನಿಂದಲೇ. ಅವಳು ಉಳಿದಳು. ಆ ರಾತ್ರಿಯ ಬಿರುಗಾಳಿ ಮಳೆಗೆ ಟೈಮ್ ಮಷೀನ್ ಕೆಟ್ಟಿತು. ಡಾರು ರಿಪೇರಿ ಮಾಡಿದರೂ ಪೂರ್ತಿ ಸರಿಹೋಗಲಿಲ್ಲ.

ಅವಳು ಹೊರಟ ಸ್ವಲ್ಪ ಹೊತ್ತಿಗೆ ಇವರ ಕೈಗೆ ಒಂದು ಹಳೆಯ ಪತ್ರ ಬರುತ್ತದೆ. ಅವಳು ವರ್ಷಗಟ್ಟಲೆ ನೆನಪು ಕಳೆದುಕೊಂಡು ಬದುಕಿದ್ದಳು. ನೆನಪು ಮರಳಿದಾಗ ಕಾಲ ಮೀರಿತ್ತು. ಪತ್ರದ ತುಂಬ 'ಸೋತೆ, ಸೋತೆ' ಅನ್ನುವ ಒಂದೇ ಮಾತು. 2000ನೇ ಇಸವಿಯಲ್ಲಿ ಅವಳು ತನ್ನ ಜೀವ ತಾನೇ ತೆಗೆದುಕೊಂಡಿದ್ದಳು.

ಓಕಾಬೆಗೆ ಕೆಲವು ನಿಮಿಷ, ಅವಳಿಗೆ ಅರ್ಧ ಆಯಸ್ಸು. ಒಳ್ಳೆಯದು ಮಾಡಲು ಕಳಿಸಿದ ಒಂದು ಸಾಲು ಅದಕ್ಕೆ ಕಾರಣ. ಕೆಟ್ಟ ಉದ್ದೇಶದ ವಿಜ್ಞಾನಿ ಪಶ್ಚಾತ್ತಾಪ ಪಡುವುದನ್ನು ಬೇರೆ ಕಡೆಯೂ ನೋಡಬಹುದು. ಒಳ್ಳೆಯ ಉದ್ದೇಶಕ್ಕೇ ಇಷ್ಟು ಬೆಲೆ ತೆತ್ತವರನ್ನು ನೋಡುವುದು ಕಡಿಮೆ.

ಫೇರಿಸ್‌ಳ ಅಪ್ಪ, ರುಕಾಳ ದೇಹ... ಕೊಟ್ಟದ್ದನ್ನು ಕಿತ್ತುಕೊಳ್ಳೋದು ನ್ಯಾಯನಾ?

ಈ ಪ್ರಶ್ನೆಗೆ ನನ್ನ ಹತ್ತಿರ ನೆಮ್ಮದಿ ಕೊಡುವ ಉತ್ತರ ಇಲ್ಲ. ಮಯೂರಿ ಉಳಿಯಬೇಕಾದರೆ ಕಳಿಸಿದ ಡಿ-ಮೇಲ್‌ಗಳನ್ನೆಲ್ಲ ಒಂದೊಂದಾಗಿ ರದ್ದು ಮಾಡಬೇಕು. ಒಂದೊಂದೂ ಒಬ್ಬೊಬ್ಬರ ಬದುಕಿನ ದೊಡ್ಡ ಆಸೆ.

ಫೇರಿಸ್‌ಳ ಅಪ್ಪ ಹತ್ತು ವರ್ಷ ಹಿಂದೆ ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದರು. ಅವಳ ಡಿ-ಮೇಲ್ ಅವರನ್ನು ವಿಮಾನ ಹತ್ತದಂತೆ ತಡೆದಿತ್ತು. ಹೊಸ ಜಗತ್ತಿನಲ್ಲಿ ಅಪ್ಪನ ಜೊತೆ ಹತ್ತು ವರ್ಷ ಕಳೆದವಳಿಗೆ, ಅದನ್ನು ರದ್ದು ಮಾಡು ಅಂತ ಕೇಳಬೇಕು. ಅವಳಿಗೆ ಹಳೆಯ ಜಗತ್ತಿನ ನೆನಪು ಮರಳುತ್ತದೆ, ಮಯೂರಿಯ ನೆನಪೂ ಮರಳುತ್ತದೆ. ಕೊನೆಗೆ ಅವಳೇ ಒಪ್ಪುತ್ತಾಳೆ. ಅದು ಅವಳ ತೀರ್ಮಾನ ಅನ್ನಬಹುದು.

ರುಕಾಳ ವಿಷಯ ಬೇರೆ. ಹುಡುಗನಾಗಿ ಹುಟ್ಟಿ, ಹುಡುಗಿಯಾಗಬೇಕು ಅಂತ ಒಳಗೊಳಗೇ ಬಯಸಿದ ಜೀವ ಅದು. ಡಿ-ಮೇಲ್‌ನಿಂದ ಆ ಆಸೆ ಕೈಗೂಡಿತು. ಅದನ್ನು ವಾಪಸ್ ಕೊಡುವ ಮುಂಚೆ ರುಕಾ ಕೇಳಿದ್ದು ಒಂದು ದಿನ ಓಕಾಬೆಯ ಜೊತೆ ಸುತ್ತಾಡುವುದನ್ನು ಮಾತ್ರ. ಈ ಭಾಗವನ್ನು ಅನಿಮೆ ಇನ್ನೂ ಗಂಭೀರವಾಗಿ ತೆಗೆದುಕೊಳ್ಳಬೇಕಿತ್ತು ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಮೊದಲೆಲ್ಲ ರುಕಾಳ ಮೇಲೆ ಮಾಡಿದ ತಮಾಷೆಗಳು ಈಗ ನೋಡಿದರೆ ಮುಜುಗರ ತರುತ್ತವೆ. ಒಬ್ಬಳ ಜೀವಕ್ಕೆ ಇನ್ನೊಬ್ಬರ ಗುರುತನ್ನೇ ಬೆಲೆಯಾಗಿ ಕೊಟ್ಟಾಗ, ಅದರ ನೋವು ಒಂದೇ ಎಪಿಸೋಡಿನಲ್ಲಿ ಮುಗಿಯುವಂಥದ್ದಲ್ಲ.

ಓಕಾಬೆ ಎಲ್ಲೂ ಇದು ಸರಿ ಅಂತ ವಾದಿಸುವುದಿಲ್ಲ. ಅದೊಂದು ವಿಷಯಕ್ಕೆ ಅವನ ಮೇಲೆ ಗೌರವ ಬರುತ್ತದೆ.

ಮಯೂರಿಯನ್ನು ಕೊಂದ ಮೊಯೆಕಾಳನ್ನು ಅವನು ಕ್ಷಮಿಸಿದನಾ?

ಕ್ಷಮಿಸಿದ ಅಂತ ಎಲ್ಲೂ ಹೇಳುವುದಿಲ್ಲ. ಅವಳ ಫೋನಿಗಾಗಿ ಅವಳ ಮೇಲೆ ಕೈಮಾಡುತ್ತಾನೆ, ಅದು ನೋಡಲು ಕಷ್ಟವಾದ ದೃಶ್ಯ. ಆಮೇಲೆ ಅವಳ ಕಥೆ ತಿಳಿಯುತ್ತದೆ. ಸಾಯಲು ಹೊರಟಿದ್ದವಳನ್ನು ಎಫ್‌ಬಿ ಎಂಬ ಹೆಸರಿನವರ ಮೆಸೇಜುಗಳು ಹಿಡಿದು ನಿಲ್ಲಿಸಿದ್ದವು. ಅವರು ಹೇಳಿದ್ದನ್ನೆಲ್ಲ ಮಾಡಿದಳು. ಆ ಎಫ್‌ಬಿ ಯಾರೆಂದರೆ ಪ್ರಯೋಗಾಲಯದ ಕೆಳಗಿನ ಟೀವಿ ಅಂಗಡಿಯ ತೆನ್ನೋಜಿ. ಮಗಳನ್ನು ಉಳಿಸಿಕೊಳ್ಳಲು ಅವನೂ ಸರ್ನ್‌ಗೆ ತಲೆಬಾಗಿದ್ದ. ದ್ವೇಷಿಸಲು ಒಬ್ಬ ಪೂರ್ತಿ ಕೆಟ್ಟವನು ಓಕಾಬೆಗೆ ಸಿಗುವುದೇ ಇಲ್ಲ.

ಹುಚ್ಚು ವಿಜ್ಞಾನಿ ನಾಟಕ ಯಾಕೆ ಆಡ್ತಾನೆ? ಸುಮ್ನೆ ಹುಡುಗಾಟನಾ?

ಅಲ್ಲ. ಮಯೂರಿಯ ಅಜ್ಜಿ ತೀರಿಕೊಂಡಾಗ ಆ ಪುಟ್ಟ ಹುಡುಗಿ ಮಾತು ಬಿಟ್ಟಳು. ದಿನವೂ ಸಮಾಧಿಯ ಮುಂದೆ ನಿಲ್ಲುತ್ತಿದ್ದಳು. ಒಂದು ಮಳೆಯ ದಿನ ಮೋಡದ ಸಂದಿಯಿಂದ ಬೆಳಕು ಬಿದ್ದಾಗ ಅವಳು ಆಕಾಶಕ್ಕೆ ಕೈಚಾಚಿದಳು. ಅವಳೂ ಹೊರಟೇಹೋಗುತ್ತಾಳೆ ಅಂತ ಹೆದರಿದ ಓಕಾಬೆ ಓಡಿಹೋಗಿ ಅಪ್ಪಿಕೊಂಡ. ನೀನು ನನ್ನ ಒತ್ತೆಯಾಳು, ನನ್ನ ಪ್ರಯೋಗಕ್ಕೆ ಬೇಕಾದವಳು, ಎಲ್ಲೂ ಹೋಗುವ ಹಾಗಿಲ್ಲ ಅಂದ. ಆ ಪಾತ್ರ ಹುಟ್ಟಿದ್ದು ಹಾಗೆ.

ಒಬ್ಬಳನ್ನು ಉಳಿಸಿಕೊಳ್ಳಲು ಕಟ್ಟಿದ ವೇಷ ಅದು. ಅದೇ ವೇಷದಲ್ಲಿ ಮಾಡಿದ ಪ್ರಯೋಗ ಅವಳನ್ನೇ ಬಲಿ ತೆಗೆದುಕೊಂಡಿತು. ಎರಡನೇ ಸಲ ನೋಡುವಾಗ ಮೊದಲ ಎಪಿಸೋಡುಗಳ ಅಬ್ಬರದ ನಗು ಇದೇ ಕಾರಣಕ್ಕೆ ಬೇರೆ ಥರ ಕೇಳಿಸುತ್ತದೆ.

## ಎರಡು ಮೂರು ಸಲ ನೋಡಿದವರಿಗೆ

ಬೇರೆ ಪಶ್ಚಾತ್ತಾಪದ ಕಥೆಗಳಿಗಿಂತ ಇದು ಹೇಗೆ ಬೇರೆ?

ಇವನಿಗೆ ಕ್ಷಮೆ ಕೇಳಲು ಯಾರೂ ಇಲ್ಲ. ನನ್ನ ಮಟ್ಟಿಗೆ ಇಡೀ ಕಥೆಯ ತಿರುಳು ಇದೇ.

ಸಾಮಾನ್ಯವಾಗಿ ತಪ್ಪು ಮಾಡಿದವನ ಎದುರು ನೊಂದವರು ಇರುತ್ತಾರೆ. ಅವರು ಬೈಯಬಹುದು, ಹೊಡೆಯಬಹುದು, ಕ್ಷಮಿಸಬಹುದು. ಊರಿಗೆಲ್ಲ ವಿಷಯ ಗೊತ್ತಿರುತ್ತದೆ. ಓಕಾಬೆ ಡಿ-ಮೇಲ್ ರದ್ದು ಮಾಡಿದ ಮರುಕ್ಷಣ ನೊಂದವರಿಗೆ ನೋವಿನ ನೆನಪೇ ಅಳಿಸಿಹೋಗುತ್ತದೆ. ಅಪ್ಪನ ಜೊತೆ ಬಾಳಿದ ಹತ್ತು ವರ್ಷ ಫೇರಿಸ್‌ಳ ಬದುಕಿನಿಂದಲೇ ಹೋಗುತ್ತದೆ. ಮಯೂರಿಗೆ ತಾನು ಎಷ್ಟು ಸಲ ಸತ್ತೆ ಅಂತ ಗೊತ್ತಿಲ್ಲ. ಅವರ ಮುಂದೆ ಹೋಗಿ ತಪ್ಪಾಯ್ತು ಅಂದರೆ, ಏನಾಯ್ತು ಓಕಾಬೆ ಅಂತ ಅವರೇ ಕೇಳುತ್ತಾರೆ. ನಡೆಯದೇ ಹೋದ ಘಟನೆಗೆ ಒಬ್ಬನೇ ಸಾಕ್ಷಿ, ಅವನೇ ಅಪರಾಧಿ.

ಇದು ಎಷ್ಟು ಭಾರ ಅಂತ ನೋಡಬೇಕಾದರೆ ಟೈಮ್ ಲೀಪ್ ಮಾಡುವ ಭಾಗ ಮತ್ತೆ ನೋಡಿ. ಮೊದಲು ಅವನು ಓಡುತ್ತಾನೆ, ಕೂಗುತ್ತಾನೆ. ಎಷ್ಟೋ ಸಲವಾದ ಮೇಲೆ ಮಯೂರಿಯ ಸಾವನ್ನು ಗಡಿಯಾರ ನೋಡುವವನ ಹಾಗೆ ನಿರ್ಲಿಪ್ತವಾಗಿ ನೋಡಲು ಶುರು ಮಾಡುತ್ತಾನೆ. ತನ್ನ ಮನಸ್ಸು ಕಲ್ಲಾಗುತ್ತಿದೆ ಅಂತ ಗೊತ್ತಾದಾಗ ಅವನಿಗೆ ಇನ್ನೂ ಭಯವಾಗುತ್ತದೆ.

ಆಗ ಕುರಿಸು ಅವನಿಗೆ ಆಸರೆಯಾಗುತ್ತಾಳೆ. ಪ್ರತಿ ಸಲ ಹಿಂದಕ್ಕೆ ಹೋದಾಗ ಅವಳಿಗೆ ಮೊದಲಿನಿಂದ ಹೇಳಬೇಕು. ಪ್ರತಿ ಸಲವೂ ಅವಳು ಕೇಳಿಸಿಕೊಳ್ಳುತ್ತಾಳೆ, ನಂಬುತ್ತಾಳೆ.

23ನೇ ಎಪಿಸೋಡಿನಲ್ಲಿ ಕುರಿಸುವನ್ನು ಅವನೇ ಇರಿಯೋದು... ಇದು ಬೇಕಿತ್ತಾ?

ಬೇಕಿತ್ತು. ಮಯೂರಿ ಉಳಿಯಲು ಮೊದಲ ಡಿ-ಮೇಲ್ ಕೂಡ ಅಳಿಸಬೇಕು, ಅಳಿಸಿದರೆ ಕುರಿಸು ಸಾಯುತ್ತಾಳೆ. ಓಕಾಬೆ ಅಳಿಸುತ್ತಾನೆ. ಆಗ ಇನ್ನೊಂದು ಭವಿಷ್ಯದ ಸುಝುಹಾ ಬಂದು ಮೂರನೇ ಮಹಾಯುದ್ಧದ ಸುದ್ದಿ ಹೇಳುತ್ತಾಳೆ. ಅದನ್ನು ತಪ್ಪಿಸಲು ಕುರಿಸುವನ್ನು ಉಳಿಸಬೇಕು. ಇಬ್ಬರೂ ಜುಲೈ 28ಕ್ಕೆ ಹೋಗುತ್ತಾರೆ.

ಅಲ್ಲಿ ಕುರಿಸುವಿನ ಅಪ್ಪ ನಾಕಾಬಾಚಿ ಅವಳ ಪ್ರಬಂಧ ಕಿತ್ತುಕೊಂಡು ಅವಳನ್ನೇ ಕೊಲ್ಲಲು ಹೋಗುತ್ತಾನೆ. ಓಕಾಬೆ ಚಾಕು ಹಿಡಿದು ನಾಕಾಬಾಚಿಯ ಮೇಲೆ ನುಗ್ಗುತ್ತಾನೆ. ಕುರಿಸು ಅಪ್ಪನನ್ನು ಕಾಪಾಡಲು ನಡುವೆ ಬರುತ್ತಾಳೆ. ಚಾಕು ಅವಳಿಗೆ ತಗಲುತ್ತದೆ.

ಅಲ್ಲಿಯವರೆಗೆ ಅವನ ತಪ್ಪುಗಳು ಮೆಸೇಜು, ಯಂತ್ರ, ಬೇರೆಯವರ ಬಂದೂಕು ಇವುಗಳ ಮೂಲಕ ಆದವು. ಇಲ್ಲಿ ಅವನ ಕೈಯೇ ರಕ್ತವಾಗುತ್ತದೆ. ಮೊದಲ ಎಪಿಸೋಡಿನಲ್ಲಿ ಅವನೇ ನೋಡಿದ ರಕ್ತದ ಮಡುವಿಗೆ ಕಾರಣ ಯಾರು ಅನ್ನುವ ಪ್ರಶ್ನೆ ಹೊಸ ರೀತಿಯಲ್ಲಿ ಎದ್ದು ನಿಲ್ಲುತ್ತದೆ. ಇಷ್ಟು ಆಗದಿದ್ದರೆ 24ನೇ ಎಪಿಸೋಡಿನ ಉಪಾಯಕ್ಕೆ ತೂಕ ಬರುತ್ತಿರಲಿಲ್ಲ. ಆಗಿಹೋದದ್ದನ್ನು ಬದಲಿಸದೆ, ಹಿಂದಿನ ತನಗೆ ಕಾಣಿಸುವ ದೃಶ್ಯವನ್ನು ಮಾತ್ರ ಹಾಗೇ ಉಳಿಸಿ ಅವಳನ್ನು ಬದುಕಿಸಬೇಕು. ಅದಕ್ಕೆ ರಕ್ತ ಬೇಕು. ಓಕಾಬೆ ನಾಕಾಬಾಚಿಯನ್ನು ಕೆಣಕಿ ತನಗೇ ಚುಚ್ಚಿಸಿಕೊಳ್ಳುತ್ತಾನೆ, ಗಾಯವನ್ನು ಇನ್ನೂ ಅಗಲ ಮಾಡಿ ತನ್ನ ರಕ್ತ ಸುರಿಸುತ್ತಾನೆ. ಇಷ್ಟು ದಿನ ಬೆಲೆಯೆಲ್ಲ ಬೇರೆಯವರೇ ಕೊಟ್ಟಿದ್ದರು. ಆವತ್ತು ಅವನು ಕೊಟ್ಟ.

ಟೈಮ್ ಲೀಪ್ ಯಂತ್ರ ಮಾಡಿದವಳು ಕುರಿಸು. ಅವಳಿಗೆ ಪಶ್ಚಾತ್ತಾಪ ಇಲ್ವಾ?

ಇದೆ, ಆದರೆ ಅವಳಿಗೆ ಗೊತ್ತೇ ಆಗದ ವಿಷಯ ಇನ್ನೂ ದೊಡ್ಡದು. ಮಗಳು ತನಗಿಂತ ಬುದ್ಧಿವಂತೆ ಅನ್ನುವುದನ್ನು ಅಪ್ಪ ಸಹಿಸಲಿಲ್ಲ. ಅವನ ಜೊತೆ ಮತ್ತೆ ಮಾತು ಶುರುವಾಗಲಿ ಅಂತ ಅವಳು ಟೈಮ್ ಮಷೀನ್ ಬಗ್ಗೆ ಪ್ರಬಂಧ ಬರೆದು ತಂದಳು. ಅವನು ಅದನ್ನು ಕದ್ದು ರಷ್ಯಾಕ್ಕೆ ಒಯ್ದ. ಮಹಾಯುದ್ಧ ಶುರುವಾದದ್ದು ಅದರಿಂದ. ಅಪ್ಪನ ಪ್ರೀತಿಗಾಗಿ ಬರೆದ ಕೆಲವು ಹಾಳೆ, ಅಷ್ಟೇ. ಅದರ ಪರಿಣಾಮ ನೋಡಲು ಅವಳೇ ಇರುವುದಿಲ್ಲ. ಆ ಭಾರವೂ ಓಕಾಬೆಯ ಹೆಗಲಿಗೇ ಬೀಳುತ್ತದೆ.

'0'ನಲ್ಲಿ ಓಕಾಬೆ ಸಪ್ಪೆಯಾಗಿದಾನೆ. ಅದೇ ಪಾತ್ರನಾ ಇದು?

ಅದೇ ಪಾತ್ರ. ಕುರಿಸುವನ್ನು ತಾನೇ ಕೊಂದೆ ಅನ್ನುವುದರಿಂದ ಚೇತರಿಸಿಕೊಳ್ಳದ ಓಕಾಬೆ ಇವನು. ಬಿಳಿ ಕೋಟು ಇಲ್ಲ, ಕಪ್ಪು ಬಟ್ಟೆ. ಡಾಕ್ಟರ ಹತ್ತಿರ ಹೋಗುತ್ತಾನೆ, ಮಾತ್ರೆ ನುಂಗುತ್ತಾನೆ. ಎಲ್ಲರಂತೆ ಕಾಲೇಜಿಗೆ ಹೋಗುತ್ತಾನೆ. ಇನ್ನು ಯಾವುದನ್ನೂ ಮುಟ್ಟಲಾರೆ ಅನ್ನುತ್ತಾನೆ. ಬೇಸರ ಬರುತ್ತದೆ ಅನ್ನುವವರ ಮಾತು ನನಗೆ ಅರ್ಥವಾಗುತ್ತದೆ. ಆದರೆ ಇಷ್ಟೆಲ್ಲ ಕಂಡವನು ಮರುದಿನ ಎದ್ದು ನಗುತ್ತಾ ಓಡಾಡಿದ್ದರೆ ಅದೇ ಸುಳ್ಳಾಗುತ್ತಿತ್ತು.

ಇಲ್ಲಿ ಅಮೇಡಿಯಸ್ ಬರುತ್ತದೆ. ಕುರಿಸುವಿನ ನೆನಪುಗಳನ್ನು ತುಂಬಿಸಿ ಮಾಡಿದ ಕೃತಕ ಬುದ್ಧಿ ಅದು. ಅವಳದೇ ಮುಖ, ಅವಳದೇ ಧ್ವನಿ, ಅವಳದೇ ಸಿಡುಕು. ಆದರೆ ಆ ನೆನಪು ತೆಗೆದದ್ದು ಅವಳು ಓಕಾಬೆಯನ್ನು ಭೇಟಿಯಾಗುವ ಮುಂಚೆ. ಅವನಿಗೆ ಅವಳು ಎಲ್ಲ, ಅವಳಿಗೆ ಅವನು ಅಪರಿಚಿತ. ಫೋನ್ ಕೈಯಲ್ಲಿ ಹಿಡಿದು ಅವನು ಏನು ಹೇಳಬಲ್ಲ ಹೇಳಿ?

ಪ್ರೊಫೆಸರ್ ಲೆಸ್ಕಿನೆನ್ ಕೂಡ ಇದೇ ಭಾಗದಲ್ಲಿ ಬರುವವನು. ನಗುಮುಖದ, ಸ್ನೇಹದ ಮನುಷ್ಯ. ಬೇರೆಯವರ ಮಿದುಳು, ನೆನಪು ಅವನಿಗೆ ಕೇವಲ ಸಾಮಾನು. ಅವನನ್ನು ನೋಡಿದ ಮೇಲೆ ಓಕಾಬೆಯ ಮಂಕು ಮುಖದ ಬೆಲೆ ಗೊತ್ತಾಗುತ್ತದೆ. ಕುರಿಸುವಿನ ಹಿರಿಯ ಸಹೋದ್ಯೋಗಿ ಹಿಯಾಜೊ ಮಾಹೊ ಕೂಡ ಗಮನಿಸಬೇಕಾದ ಪಾತ್ರ. ಸತ್ತವಳ ಪ್ರತಿಭೆಯ ಮೇಲಿನ ಅಸೂಯೆ, ಪ್ರೀತಿ ಎರಡನ್ನೂ ಬಚ್ಚಿಡದೆ ಹೊತ್ತವಳು ಅವಳು.

ಇದರಲ್ಲಿ ನಿಜವಾದ ವಿಜ್ಞಾನ ಎಷ್ಟು?

ಬೇರುಗಳು ನಿಜ, ಕೊಂಬೆಗಳು ಕಲ್ಪನೆ. ಕಥೆಯ ಸರ್ನ್‌ಗೆ ಮಾದರಿ ಜಿನೀವಾ ಹತ್ತಿರ ಇರುವ ಸಂಶೋಧನಾ ಸಂಸ್ಥೆ. ಅದರ ಲಾರ್ಜ್ ಹೇಡ್ರಾನ್ ಕೊಲೈಡರ್ 27 ಕಿಲೋಮೀಟರ್ ಸುತ್ತಳತೆಯ ಯಂತ್ರ, 2008ರ ಸೆಪ್ಟೆಂಬರ್ 10ರಂದು ಶುರುವಾಯಿತು. ಅದರಿಂದ ಕಪ್ಪು ಕುಳಿ ಹುಟ್ಟಿ ಭೂಮಿ ನುಂಗುತ್ತದೆ ಅನ್ನುವ ಭಯ ಆಗ ಹಬ್ಬಿತ್ತು. ಅಪಾಯವಿಲ್ಲ ಅಂತ ವಿಜ್ಞಾನಿಗಳು ಅದೇ ವರ್ಷ ವಿವರವಾಗಿ ತೋರಿಸಿಕೊಟ್ಟರು. ಭಾರತ 2017ರಿಂದ ಆ ಸಂಸ್ಥೆಯ ಸಹ ಸದಸ್ಯ. ಅಲ್ಲಿ ಟೈಮ್ ಮಷೀನ್ ಮಾಡುತ್ತಾರೆ ಅನ್ನುವುದು ಪೂರ್ತಿ ಕಥೆ.

ಐಬಿಎನ್ 5100ಗೆ ಮಾದರಿ 1975ರ ಐಬಿಎಂ 5100. ಹೊತ್ತೊಯ್ಯಬಹುದಾದ ಕಂಪ್ಯೂಟರ್ ಅಂತ ಮಾರಿದರೂ ಸುಮಾರು 25 ಕಿಲೋ ತೂಗುತ್ತಿತ್ತು. ಜಾನ್ ಟೈಟರ್ ಎಂಬ ಹೆಸರಿನಲ್ಲಿ, ತಾನು 2036ರಿಂದ ಬಂದವನು ಅಂತ ಯಾರೋ 2000–2001ರಲ್ಲಿ ಇಂಟರ್ನೆಟ್‌ನಲ್ಲಿ ಬರೆದದ್ದೂ ನಿಜ. ತಿರುಗುವ ಕಪ್ಪು ಕುಳಿಯ ಗಣಿತ ನ್ಯೂಜಿಲೆಂಡಿನ ರಾಯ್ ಕೆರ್ 1963ರಲ್ಲಿ ಕೊಟ್ಟದ್ದು. ನೆನಪನ್ನು 36 ಬೈಟಿಗೆ ಹಿಂಡುವುದು ಯಾವ ಲೆಕ್ಕಕ್ಕೂ ಸಿಗದ ಮಾತು.

ಜಪಾನಿನ ಕಥೆಗಳಲ್ಲಿ ಇಂಥ ವಿಜ್ಞಾನಿಗಳು ಜಾಸ್ತಿ ಯಾಕೆ?

ಹಿರೋಶಿಮಾ, ನಾಗಾಸಾಕಿ ಕಂಡ ದೇಶ ಅದು. 1954ರ 'ಗಾಡ್ಜಿಲ್ಲಾ' ಸಿನಿಮಾದ ಡಾಕ್ಟರ್ ಸೆರಿಜಾವಾ ತಾನು ಕಂಡುಹಿಡಿದ ಅಸ್ತ್ರ ಬೇರೆಯವರ ಕೈಗೆ ಸಿಗಬಾರದು ಅಂತ ಟಿಪ್ಪಣಿಗಳನ್ನು ಸುಟ್ಟು, ಸಮುದ್ರದೊಳಗೆ ತಾನೂ ಸಾಯುತ್ತಾನೆ. 1963ರಲ್ಲಿ ಟೀವಿಗೆ ಬಂದ 'ಆಟಮ್'ನ ಡಾಕ್ಟರ್ ತೆನ್ಮಾ ಸತ್ತ ಮಗನ ರೂಪದಲ್ಲಿ ರೋಬೊ ಮಾಡಿ, ಅದು ಬೆಳೆಯುವುದಿಲ್ಲ ಅಂತ ಸಿಟ್ಟಾಗಿ ದೂರ ಮಾಡುತ್ತಾನೆ.

ಸೆರಿಜಾವಾ ಸತ್ತು ಮುಕ್ತನಾದ. ಓಕಾಬೆಗೆ ಆ ದಾರಿ ಇಲ್ಲ. ಅವನು ಸತ್ತರೆ ನೆನಪಿಟ್ಟುಕೊಂಡು ಸರಿಮಾಡುವವರು ಯಾರೂ ಉಳಿಯುವುದಿಲ್ಲ.

ಕೊನೆಗಾದರೂ ಅವನಿಗೆ ಬಿಡುಗಡೆ ಸಿಗುತ್ತಾ?

24ನೇ ಎಪಿಸೋಡಿನಲ್ಲಿ, ಯಾವ ವರ್ಲ್ಡ್ ಲೈನ್‌ನಲ್ಲಿದ್ದೇವೆ ಅಂತ ತೋರಿಸುವ ಅಂಕಿ 1.048596ಕ್ಕೆ ಬಂದು ನಿಲ್ಲುತ್ತದೆ. ಮಯೂರಿಯೂ ಇದ್ದಾಳೆ, ಕುರಿಸುವೂ ಇದ್ದಾಳೆ. ಹಾಗಾಗಿ ಸಿಕ್ಕಿತು ಅನ್ನಬಹುದು. ಆದರೆ 2013ರ ಸಿನಿಮಾ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಅಷ್ಟೊಂದು ಜಗತ್ತುಗಳ ನೆನಪು ಹೊತ್ತದ್ದಕ್ಕೆ ಓಕಾಬೆ ಈ ಜಗತ್ತಿನಲ್ಲಿ ನಿಲ್ಲಲಾಗದೆ ಮಾಯವಾಗುತ್ತಾನೆ. ಮಯೂರಿ, ಡಾರು ಯಾರಿಗೂ ಅವನ ನೆನಪಿಲ್ಲ. ಕುರಿಸುವಿಗೆ ಮಾತ್ರ ಇದೆ. ತನ್ನನ್ನು ಮರೆತುಬಿಡು, ಟೈಮ್ ಮಷೀನ್ ಸಹವಾಸ ಬೇಡ ಅಂತ ಅವನೇ ಕೇಳಿಕೊಂಡಿರುತ್ತಾನೆ. ಅವಳು ಕೇಳುವುದಿಲ್ಲ. 2005ಕ್ಕೆ ಹೋಗಿ, ಹುಡುಗ ಓಕಾಬೆ ಯಾವತ್ತೂ ಮರೆಯದ ಒಂದು ಗುರುತು ಅವನಲ್ಲಿ ಬಿಟ್ಟು ಬರುತ್ತಾಳೆ.

ಎಲ್ಲರೂ ಮರೆತದ್ದನ್ನು ಒಬ್ಬರೇ ನೆನಪಿಟ್ಟುಕೊಂಡು ಓಡಾಡುವುದು ಹೇಗಿರುತ್ತದೆ ಅಂತ ಕುರಿಸುವಿಗೆ ಈಗ ಗೊತ್ತು. ಓಕಾಬೆ ಅದನ್ನು ಇನ್ನು ಅವಳಿಗೆ ವಿವರಿಸಿ ಹೇಳಬೇಕಿಲ್ಲ.